ಬೇಲಿಯಲ್ಲಿ ಉಳಿಸಿದ ಕಹಿ ಬಳ್ಳಿ

ನಾನು ಚಿಕ್ಕವಳಾಗಿದ್ದಾಗ ನಮ್ಮ ಮನೆಯಲ್ಲಿ ಓದು ಬರಹ ಬಲ್ಲವಳು ನಾನೊಬ್ಬಳೇ. ಅಪ್ಪ ಶಾಲೆಗೆ ಹೋದವನಲ್ಲ. ಅಕ್ಕ ಎರಡನೇ ತರಗತಿಯಲ್ಲೇ ಶಾಲೆ ಬಿಟ್ಟಿದ್ದಳು. ಅವ್ವ ತೀರಿಕೊಂಡ ಮೇಲೆ ಒಲೆ, ನೀರು, ನನ್ನ ತಲೆ ಬಾಚುವುದು, ಎಲ್ಲವೂ ಅವಳ ಪಾಲಿಗೆ ಬಂದಿತ್ತು. ಐದನೇ ತರಗತಿಯಲ್ಲಿದ್ದ ನನ್ನ ಬಳಿ ನೀಲಿ ರಟ್ಟಿನ ಒಂದು ನೋಟುಪುಸ್ತಕ ಇತ್ತು. ಪ್ರತಿದಿನ ಮೇಲುಗಡೆ ತಾರೀಖು, ವಾರ ಬರೆದು, ಕೆಳಗೆ ಆ ದಿನ ಎಣಿಸಿದ್ದನ್ನೆಲ್ಲ ಬರೆಯುತ್ತಿದ್ದೆ. ಬಾವಿಯಿಂದ ಸೇದಿದ ಕೊಡ ಎಷ್ಟು, ಕೋಳಿ ಇಟ್ಟ ಮೊಟ್ಟೆ ಎಷ್ಟು, ಹೀಗೆ. ಲೆಕ್ಕದಲ್ಲಿ ನಾನು ತಪ್ಪುವುದಿಲ್ಲ ಎಂದು ನನಗೆ ಬಹಳ ಜಂಬವಿತ್ತು.

ರಾಯದುರ್ಗದಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ ನಮ್ಮ ಊರು. ಊರ ಹೊರಗೆ ಬಾವಿಯ ಪಕ್ಕದಲ್ಲಿ ನಮ್ಮ ಮನೆ, ಅದರ ಹಿಂದೆ ಸ್ವಲ್ಪ ಕೆಂಪು ನೆಲ, ಬೇವಿನ ನೆರಳಿನಲ್ಲಿ ಹನ್ನೊಂದು ಜೇನುಪೆಟ್ಟಿಗೆ. ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲುಗಳನ್ನು ನೀರು ತುಂಬಿದ ತೆಂಗಿನ ಚಿಪ್ಪುಗಳಲ್ಲಿ ನಿಲ್ಲಿಸಿದ್ದೆವು. ಹೊಂಗೆ ಹೂ ಬಿಟ್ಟ ತಿಂಗಳ ಜೇನು ತಿಳಿಯಾಗಿರುತ್ತಿತ್ತು. ಬೇವು ಹೂ ಬಿಟ್ಟಾಗ ನಾಲಿಗೆಗೆ ತುಸು ಒಗರು ಬರುತ್ತಿತ್ತು. ಮಳೆ ಬಿದ್ದು ಶೇಂಗಾ ಬಿತ್ತಿದ ಮೇಲೆ, ಅದರ ಸಾಲುಗಳ ನಡುವೆ ಹಳದಿ ಸೌತೆ ಹಬ್ಬುತ್ತಿತ್ತು. ಆಗ ಹುಳುಗಳ ಗುಂಯ್ ಸದ್ದು ಮುಂಜಾನೆಯಿಂದಲೇ ಮನೆಯೊಳಗೆ ಕೇಳಿಸುತ್ತಿತ್ತು.

ಆ ಸೌತೆಯ ಬೀಜಕ್ಕೆ ನಮ್ಮ ಮನೆ ಹೆಸರುವಾಸಿ. ಚೆನ್ನಾಗಿ ಬಂದ ಕಾಯಿಗಳನ್ನು ಬಳ್ಳಿಯಲ್ಲೇ ಬಿಟ್ಟು, ಅರಿಶಿನದ ಬಣ್ಣಕ್ಕೆ ತಿರುಗಿ ಸಿಪ್ಪೆ ಬಿರಿಯುವವರೆಗೂ ಯಾರೂ ಮುಟ್ಟುತ್ತಿರಲಿಲ್ಲ. ಆಮೇಲೆ ಅಕ್ಕ ಒಂದೊಂದನ್ನೂ ಕೊಯ್ದು, ತಿರುಳು ಬಾಯಿಗೆ ಹಾಕಿ ರುಚಿ ನೋಡಿ, ಸಿಹಿಯಿದ್ದರೆ ಮಾತ್ರ ಬೀಜ ತೆಗೆಯುತ್ತಿದ್ದಳು. ಬೂದಿಯಲ್ಲಿ ಹೊರಳಿಸಿ ಒಣಗಿಸಿದ ಬೀಜವನ್ನು ಸಗಣಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ಬಿಲ್ಲೆ ತಟ್ಟುತ್ತಿದ್ದಳು. ಒಂದು ಬಿಲ್ಲೆಗೆ ಒಂದು ಹಿಡಿ ಬೀಜ. ಬೇಸಿಗೆಯಲ್ಲಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದವರು ಮೊದಲ ಮಳೆಗೆ ಊರಿಗೆ ಬಂದಾಗ, ಬ್ಯಾಗು ಇಳಿಸಿದವರೇ ನಮ್ಮ ಮನೆಗೆ ಬಂದು, “ಜೇನಿನವರ ಬಿಲ್ಲಿ ಒಂದು ಕೊಡ್ರಿ” ಎನ್ನುತ್ತಿದ್ದರು. ಯಾರಿಗೂ ಇಲ್ಲ ಎಂದದ್ದಿಲ್ಲ.

ಜೇನು ಸಾಕುವವರ ಮನೆಯಲ್ಲಿ ಬೀಜ ಮಾಡಬೇಕಾದರೆ ಒಂದು ಕೆಲಸ ತಪ್ಪಿಸುವಂತಿರಲಿಲ್ಲ. ಅದಕ್ಕೆ ನಾವು ‘ಬೇಲಿ ನೋಡುವುದು’ ಎನ್ನುತ್ತಿದ್ದೆವು. ಬೇಲಿಗಳಲ್ಲಿ, ಕಲ್ಲುಗುಡ್ಡೆಗಳಲ್ಲಿ ಲಿಂಬೆ ಗಾತ್ರದ ಕಾಯಿ ಬಿಡುವ ಕಾಡು ಸೌತೆ ತಾನಾಗಿಯೇ ಹಬ್ಬುತ್ತದೆ. ಅದು ಬರೀ ಕಹಿ. ನಮ್ಮ ಹುಳುಗಳು ಆ ಹೂವಿನ ಮೇಲೆ ಕೂತು, ಕಾಲಿಗೆ ಹಳದಿ ಪುಡಿ ಮೆತ್ತಿಕೊಂಡು, ನಮ್ಮ ಸೌತೆಯ ಹೂವಿಗೆ ಬಂದರೆ ಕೆಟ್ಟಿತು. ಆ ವರ್ಷದ ಕಾಯಿ ಸಿಹಿಯಾಗಿಯೇ ಇರುತ್ತದೆ. ಕಹಿ ಒಳಗಿನ ಬೀಜಕ್ಕೆ ಸೇರಿಕೊಂಡು, ಮುಂದಿನ ವರ್ಷ ಆ ಬೀಜ ಬಿತ್ತಿದವರ ಬಾಯಿಗೆ ಬರುತ್ತದೆ. ಆದ್ದರಿಂದ ಸೌತೆ ಹೂ ಬಿಡುವ ಮುನ್ನ ಹೊಲದ ಸುತ್ತ ಮೂರು ಸುತ್ತು ಬಂದು, ಕಂಡ ಕಹಿ ಬಳ್ಳಿಯನ್ನೆಲ್ಲ ಬೇರು ಸಮೇತ ಕೀಳಬೇಕು. ನಾನು ಐದನೇ ತರಗತಿಗೆ ಬಂದ ವರ್ಷ ಅಪ್ಪ ಆ ಕೆಲಸವನ್ನು ನನಗೆ ಒಪ್ಪಿಸಿದ.

ಅದೇ ವರ್ಷ ಅಪ್ಪ ನನಗೊಂದು ಪೆಟ್ಟಿಗೆಯನ್ನೂ ಕೊಟ್ಟಿದ್ದ. ಬೇಲಿಯ ಕಡೆಗಿದ್ದ ಕೊನೆಯದು, ಹನ್ನೊಂದರಲ್ಲಿ ಬಡಕಲು. ಅಕ್ಕ ಅಂಗಳ ಗುಡಿಸುತ್ತ ಗಟ್ಟಿಯಾಗಿ ನೂರರವರೆಗೆ ಎಣಿಸುವಷ್ಟರಲ್ಲಿ, ಹಳದಿ ಪುಡಿ ಹೊತ್ತ ಹುಳ ಎಷ್ಟು ಒಳಹೋದವು ಎಂದು ನಾನು ಪ್ರತಿ ಪೆಟ್ಟಿಗೆಯ ಮುಂದೆಯೂ ಲೆಕ್ಕ ಹಾಕುತ್ತಿದ್ದೆ. ಬೇರೆ ಪೆಟ್ಟಿಗೆಗಳಿಗೆ ಮೂವತ್ತು, ನಲವತ್ತು. ನನ್ನದಕ್ಕೆ ಏಳು, ಎಂಟು. ಬೇಲಿ ನೋಡುವ ವಾರದಲ್ಲಿ ಅದು ಇಪ್ಪತ್ಮೂರಕ್ಕೆ ಏರಿತು. ಯಾಕೆಂದು ಹುಡುಕಿದರೆ, ಜಾಲಿಮುಳ್ಳು ಪೇರಿಸಿದ ಒಟ್ಟಲಿನ ಹಿಂದೆ ಒಂದು ದೊಡ್ಡ ಕಹಿ ಬಳ್ಳಿ ಮೈತುಂಬ ಹೂ ಬಿಟ್ಟು ನಿಂತಿತ್ತು. ನನ್ನ ಹುಳುಗಳೆಲ್ಲ ಅಲ್ಲೇ ಇದ್ದವು.

ಅದಕ್ಕೆ ಕೈ ಹಾಕಿದೆ. ಕೀಳದೆ ಕೈ ಹಿಂದಕ್ಕೆ ತೆಗೆದೆ. ಉಳಿದ ಬಳ್ಳಿಗಳನ್ನೆಲ್ಲ ಕಿತ್ತು, ಮನೆಗೆ ಬಂದು ಪುಸ್ತಕದಲ್ಲಿ ಬರೆದೆ: ‘ಬೇಲಿ ನೋಡಿದೆ. ಮೂರು ಸುತ್ತು. ಕಹಿ ಬಳ್ಳಿ ಹತ್ತೊಂಬತ್ತು ಕಿತ್ತೆ. ಉಳಿದದ್ದು ಇಲ್ಲ.’ ಬರೆಯುವಾಗ ನನಗೆ ಏನೂ ಅನಿಸಲಿಲ್ಲ. ಒಂದು ಬಳ್ಳಿ ಏನು ಮಾಡೀತು ಎಂದುಕೊಂಡಿದ್ದೆ.

ಆ ಚಳಿಗಾಲದಲ್ಲಿ ಬಿಲ್ಲೆ ತಟ್ಟಿ ಮುಗಿಸಿದ ಮೇಲೆ ಅಕ್ಕ ರಾಯದುರ್ಗದ ಪ್ಯಾಂಟು ಹೊಲಿಯುವ ಕಾರ್ಖಾನೆಗೆ ಸೇರಿದಳು. ಆಗ ನಮ್ಮ ಕಡೆಯ ಎಷ್ಟೋ ಹುಡುಗಿಯರು ಹಾಗೆ ಹೋಗಿ, ನಾಲ್ಕೈದು ಜನ ಸೇರಿ ಒಂದು ಕೋಣೆ ಹಿಡಿದು ಇರುತ್ತಿದ್ದರು. ಭಾನುವಾರ ಅಕ್ಕ ಮನೆಗೆ ಬರುತ್ತಿದ್ದಳು. ಎಷ್ಟು ತಿಕ್ಕಿ ತೊಳೆದರೂ ಅವಳ ಉಗುರಿನ ಸುತ್ತ ಬಟ್ಟೆಯ ನೀಲಿ ಬಣ್ಣ ಹೋಗುತ್ತಿರಲಿಲ್ಲ.

ಮರುವರ್ಷ ಶ್ರಾವಣ ಕಳೆದ ಮೇಲಿನ ಒಂದು ಭಾನುವಾರ. ಅಕ್ಕ ನನ್ನ ಜಡೆ ಹೆಣೆಯುತ್ತಿದ್ದಳು. ಎದುರಿನ ಹೊಲದ ಅತ್ತೆ ಬುಟ್ಟಿ ತಂದು ಜಗಲಿಯ ಮೇಲೆ ಕುಕ್ಕಿದಳು. ಬುಟ್ಟಿಯ ತುಂಬ ಹಳದಿ ಸೌತೆ. ಅತ್ತೆ ಆ ವರ್ಷ ಬೆಂಗಳೂರಿನಿಂದ ಬಂದವಳೇ ನಮ್ಮಲ್ಲಿ ಮೂರು ಬಿಲ್ಲೆ ಒಯ್ದು, ನಮಗಿಂತ ಮೊದಲೇ ಬಿತ್ತಿದ್ದಳು.

“ತಗೋ ಅಣ್ಣ, ನಿನ್ನ ಬೀಜ ನಿನಗ ವಾಪಸ್” ಎಂದಳು ಅತ್ತೆ. “ನಿನ್ನೆ ಮಗಳ ಅತ್ತಿ ಮಾವ ಮೊದಲ್ನೇ ಸಲ ಉಣ್ಣಾಕ ಬಂದಿದ್ರು. ಜೇನಿನವರ ಸೌತಿಕಾಯಿ ಬ್ಯಾಳಿ ಮಾಡೀನಿ ಅಂತ ಹೆಮ್ಮಿಲೆ ಬಡಿಸಿದೆ. ಬೀಗರು ಒಂದ್ ತುತ್ತು ಬಾಯಾಗ ಇಟ್ಟು ಮಕ ಮಕ ನೋಡ್ಕೊಂಡ್ರು. ಬೀಗತಿ ಕೇಳ್ತಾಳ, ‘ಏನವ್ವ, ನಾವು ಬರೋದು ಬ್ಯಾಡಾಗಿತ್ತೇನು ನಿಮಗ?’ ಅಂತ. ಎಲ್ಲಿ ಮಕ ಇಟ್ಕಳ್ಲಿ ನಾನು?”

ಅಪ್ಪ ಕುಡುಗೋಲಿನಿಂದ ಒಂದು ಕಾಯಿ ಸೀಳಿ ತುಣುಕು ಬಾಯಿಗೆ ಹಾಕಿ ಉಗುಳಿದ. ಎರಡನೆಯದು, ಮೂರನೆಯದು. ಬಾಯಿ ಮುಕ್ಕಳಿಸಿ, ಮತ್ತೊಂದು. ಎಣಿಸುವ ಚಾಳಿ ಬಿಡದ ನಾನು ಒಳಗೊಳಗೇ ಎಣಿಸುತ್ತಿದ್ದೆ. ಹದಿನಾಲ್ಕರಲ್ಲಿ ಒಂಬತ್ತು ಕಹಿ. ಮುಳ್ಳಿನ ಒಟ್ಟಲಿನ ಹಿಂದಿನ ಆ ಹೂಗಳು ಕಣ್ಣ ಮುಂದೆ ಬಂದವು.

ಅಪ್ಪ ಅಕ್ಕನ ಕಡೆ ತಿರುಗಿದ. “ಬೀಜ ತೆಗಿಯೋವಾಗ ಎಲ್ಲಾ ಕಾಯಿ ರುಚಿ ನೋಡಿದ್ಯೇನವ್ವ?”

“ನೋಡೀನಪ್ಪ. ಒಂದೂ ಬಿಟ್ಟಿಲ್ಲ.”

“ಬೇಲಿ?” ಎಂದು ಅಪ್ಪ ನನ್ನನ್ನು ಕೇಳಿದ.

ಆಗ ಹೇಳಬಹುದಿತ್ತು. ಒಂದೇ ಮಾತು. ನಾನು ಒಳಗೆ ಓಡಿಹೋಗಿ ಪುಸ್ತಕ ತಂದೆ. ಹೋದ ವರ್ಷದ ಆ ಪುಟ ತೆರೆದು, ತಾರೀಖಿನಿಂದ ಹಿಡಿದು ಗಟ್ಟಿಯಾಗಿ ಓದಿದೆ. “ಕಹಿ ಬಳ್ಳಿ ಹತ್ತೊಂಬತ್ತು ಕಿತ್ತೆ. ಉಳಿದದ್ದು ಇಲ್ಲ.” ನನ್ನ ದನಿ ನಡುಗಲೂ ಇಲ್ಲ.

ಅಪ್ಪ ಆ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಓದಲು ಬಾರದ ಕಣ್ಣಿನಿಂದ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದ. ಬರೆದಿಟ್ಟದ್ದೂ ಸುಳ್ಳಾಗಿರಬಹುದು ಎಂದು ಅವನಿಗೆ ಗೊತ್ತೇ ಇರಲಿಲ್ಲ. “ಪುಸ್ತಕದಾಗ ಐತಲ್ಲ” ಎಂದ. ಆಮೇಲೆ ಅಕ್ಕನಿಗೆ, “ನಿನ್ನ ಮನಸ್ಸು ಆಗಲೇ ರಾಯದುರ್ಗಕ್ಕ ಹೋಗಿತ್ತು ಬಿಡು. ರುಚಿ ನೋಡೀನಿ ಅಂತ ಸುಳ್ಳು ಯಾಕ ಹೇಳ್ತಿ?” ಎಂದ.

“ಹೌದೇಳು,” ಅತ್ತೆ ಬುಟ್ಟಿ ಬರಿದು ಮಾಡುತ್ತ ಎದ್ದಳು. “ಇನ್ನ ಮ್ಯಾಲೆ ಇದಕ್ಕ ಮಿಷನ್ ಸೌತಿಕಾಯಿ ಅಂತ ಹೆಸರಿಡಾಣ. ಪ್ಯಾಂಟಿನ ಕನಸು ಕಾಣಾಕಿ ತೆಗೆದ ಬೀಜ!”

ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. ಅರ್ಧ ಹೆಣೆದ ನನ್ನ ಜಡೆಯನ್ನು ಪೂರ್ತಿ ಹೆಣೆದು ಗಂಟು ಹಾಕಿ, ಅಡುಗೆಮನೆಗೆ ಹೋದಳು. ಗೋಡೆಯ ಮೇಲೆ ಇನ್ನೂ ಆರು ಬಿಲ್ಲೆ ಉಳಿದಿದ್ದವು. ಯಾವ ಬೀಜ ಸಿಹಿ, ಯಾವುದು ಕಹಿ ಎಂದು ನೋಡಿ ಹೇಳುವವರು ಯಾರಿದ್ದಾರೆ? ಅಪ್ಪ ಹೇಳುವ ಮೊದಲೇ ಅವಳು ಅವನ್ನೆಲ್ಲ ಕಿತ್ತು, ನೀರೊಲೆಗೆ ಒಂದೊಂದಾಗಿ ಹಾಕಿದಳು. ಬೀಜ ಚಟಚಟ ಸಿಡಿದವು. ಸಗಣಿಯ ಹೊಗೆಯ ಜೊತೆಗೆ ಹುರಿದ ಬೀಜದ ಒಳ್ಳೆಯ ವಾಸನೆ ಮನೆಯೆಲ್ಲ ಹರಡಿತು. ಅಪ್ಪನ ಅವ್ವನ ಕಾಲದಿಂದ ಕೈಯಿಂದ ಕೈಗೆ ಬಂದ ಸೌತೆ ಅದು. ಹೊಲದಲ್ಲಿ ಬಿತ್ತಿದ್ದೂ ಅದೇ ಬೀಜ. ಅವತ್ತಿಗೆ ಮುಗಿಯಿತು.

ಸಂಜೆಯ ಬಸ್ಸಿಗೆ ಅಕ್ಕನನ್ನು ಕಳಿಸಲು ನಾನೇ ಹೋದೆ. ಅವಳ ಚೀಲ ಹೊತ್ತು ಹಿಂದೆ ಹಿಂದೆ ನಡೆಯುತ್ತಿದ್ದೆ.

“ಯಾಕ ಸಣ್ಣಾಕಿ, ಕಾಲಾಗ ಮುಳ್ಳು ನೆಟ್ಟೇತೇನು? ಮುಂದ ಬಾ” ಎಂದಳು.

ನಾನು ಅಲ್ಲೇ ನಿಂತು ಅತ್ತುಬಿಟ್ಟೆ. “ಅಕ್ಕಾ, ಒಟ್ಟಲ ಹಿಂದ ಒಂದು ಬಳ್ಳಿ...”

“ಗೊತ್ತೈತಿ” ಎಂದಳು ಅಕ್ಕ. “ಸೌದಿ ತರಾಕ ಹೋದಾಗ ನಾನೂ ನೋಡಿದ್ದೆ. ನೀನೇ ಕೀಳ್ತಿ ಅಂತ ಸುಮ್ಮನಾದೆ. ನನ್ನ ತಪ್ಪೂ ಅಷ್ಟೈತಿ.”

“ಮತ್ತ ಅಪ್ಪಗ ಯಾಕ ಹೇಳಲಿಲ್ಲ?”

“ನೀ ಓದಿ ತೋರಿಸಿದ ಮ್ಯಾಲೆ ನನ್ನ ಮಾತು ಯಾರು ನಂಬ್ತಾರ?” ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತು. ಅವಳು ಚೀಲ ತೆಗೆದುಕೊಂಡು, ಸೆರಗಿನಿಂದ ನನ್ನ ಮೂಗು ಒರೆಸಿದಳು. “ಅಪ್ಪಗ ಹೇಳೋದು ನಿನ್ನ ಕೆಲ್ಸ. ನಾ ಮಾಡಂಗಿಲ್ಲ. ಈಗ ಮನಿಗೆ ಹೋಗಿ ಹೇಳು.”

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೇ ಬಂದೆ. ಅಪ್ಪ ಚಿಪ್ಪುಗಳಿಗೆ ನೀರು ತುಂಬುತ್ತಿದ್ದ. “ಅಕ್ಕ ಹತ್ತಿದ್ಲೇನು?” ಎಂದ. ತಲೆ ಎತ್ತದೆ, ಬಹಳ ಮೆಲ್ಲಗೆ ಕೇಳಿದ. ಮಗಳನ್ನು ಬೈದು ಕಳಿಸಿದ ಸಂಕಟ ಅವನ ದನಿಯಲ್ಲೇ ಇತ್ತು. “ಹತ್ತಿದ್ಲಪ್ಪ” ಎಂದೆ. ಅಷ್ಟೇ.

ಒಳಗೆ ಹೋಗಿ ಪುಸ್ತಕ ತೆಗೆದೆ. ‘ಉಳಿದದ್ದು ಇಲ್ಲ’ ಎಂಬುದರ ಮೇಲೆ ಗೆರೆ ಎಳೆದು, ‘ಒಂದು ಬಿಟ್ಟೆ. ನನ್ನ ಪೆಟ್ಟಿಗೆಗಾಗಿ ಬಿಟ್ಟೆ. ಅಕ್ಕನ ತಪ್ಪಿಲ್ಲ’ ಎಂದು ಬರೆದೆ. ಬರೆದ ಮೇಲೆ ನನಗೇ ನಾಚಿಕೆಯಾಯಿತು. ಆ ಮನೆಯಲ್ಲಿ ಅದನ್ನು ಓದುವವರೇ ಇರಲಿಲ್ಲ. ಅದು ಗೊತ್ತಿದ್ದೇ ನಾನು ಬರೆದಿದ್ದೆ. ನಾಳೆ ಹೇಳಿದರಾಯಿತು, ಉಗಾದಿಗೆ ಹೇಳಿದರಾಯಿತು ಎಂದು ನಾನು ಮುಂದೂಡುತ್ತಿರುವಾಗಲೇ ಅಪ್ಪ ತೀರಿಹೋದ. ಅಕ್ಕ ಒಂದು ದಿನವೂ ಮತ್ತೆ ಕೇಳಲಿಲ್ಲ. ಊರಿನಲ್ಲಿ ಮಾತ್ರ ಯಾರ ಮನೆಯ ಸೌತೆ ಕಹಿಯಾದರೂ ಅತ್ತೆ ಇಟ್ಟ ಹೆಸರನ್ನೇ ಹೇಳಿ ನಗುತ್ತಿದ್ದರು. ನಾನೂ ಅವರ ನಡುವೆ ನಿಂತು ಕೇಳಿಸಿಕೊಂಡಿದ್ದೇನೆ.

ಇದನ್ನು ಓದುತ್ತಿರುವ ಮಕ್ಕಳೇ, ನೀವು ಕುಂಡದಲ್ಲಿ ಹಾಕುವ ಬೀಜ ಬಣ್ಣದ ಚಿತ್ರದ ಪೊಟ್ಟಣದಲ್ಲಿ ಬರುತ್ತದೆ. ಅದನ್ನು ತೆಗೆದವರು ಯಾರು, ಅವರ ಬೇಲಿ ನೋಡಿದವರು ಯಾರು ಎಂದು ನಿಮಗೆ ಗೊತ್ತಿಲ್ಲ. ಬೀಜ ಮೊಳೆಯದಿದ್ದರೆ ಅಂಗಡಿಯವನನ್ನು ಬೈದು ಇನ್ನೊಂದು ತರುತ್ತೀರಿ. ನಮ್ಮ ಕಾಲದಲ್ಲಿ ಒಂದು ಹಿಡಿ ಬೀಜದ ಜೊತೆ ಅದನ್ನು ಕೊಟ್ಟ ಮನೆಯ ಹೆಸರೂ ಹೋಗುತ್ತಿತ್ತು. ಕೆಟ್ಟರೆ ಆ ಹೆಸರೂ ಕೆಡುತ್ತಿತ್ತು. ಇನ್ನೊಂದು ವ್ಯತ್ಯಾಸವಿದೆ. ನಿಮ್ಮ ಮನೆಗಳಲ್ಲಿ ಎಲ್ಲರಿಗೂ ಓದಲು ಬರುತ್ತದೆ. ನಾನು ಬರೆದದ್ದು ಸುಳ್ಳಾದರೆ ನೀವೇ ಹಿಡಿದು ಕೇಳಬಲ್ಲಿರಿ. ಆ ಧೈರ್ಯದ ಮೇಲೆ ಇದನ್ನು ಇಷ್ಟು ವರ್ಷದ ಮೇಲೆ ಬರೆದಿದ್ದೇನೆ. ಅಕ್ಕನ ಮೊಮ್ಮಗಳೂ ನಿಮ್ಮ ಜೊತೆ ಕೂತು ಓದುತ್ತಾಳೆ. ಅವಳು ಈ ಸಾಲನ್ನು ಎರಡು ಸಲ ಓದಲಿ: ಅವಳ ಅಜ್ಜಿ ಆ ವರ್ಷ ಒಂದು ಕಾಯಿಯನ್ನೂ ಬಿಡದೆ ರುಚಿ ನೋಡಿಯೇ ಬೀಜ ತೆಗೆದಿದ್ದಳು.