ಬೆಂಕಿ ತೋರಿಸದ ಕತ್ತಿ

ದಂಬಾಲೆಯ ಬಗ್ಗೆ ಹೇಳಹೊರಟರೆ ಮುಖಕ್ಕಿಂತ ಮೊದಲು ಅವಳ ಕೈ ನೆನಪಾಗುತ್ತದೆ. ಬಲಗೈಯ ಹೆಬ್ಬೆರಳು ಒಳಕ್ಕೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ನಲವತ್ತು ವರ್ಷ ಸೀಳಿದ ಬಿದಿರು ಹಿಡಿದು ವೇಸೆಯ ದಿಂಡು ಕೆರೆದ ಬೆರಳು ಅದು. ನಮ್ಮ ಸಿದಾಮಾ ಬೆಟ್ಟದಲ್ಲಿ ವೇಸೆ ಇಲ್ಲದ ಹಿತ್ತಲಿಲ್ಲ. ಪರಊರಿನವರು ಬಾಳೆ ಅಂದುಕೊಂಡು ಗೊನೆ ಹುಡುಕುತ್ತಾರೆ. ನಾವು ತಿನ್ನುವುದು ಗೊನೆಯನ್ನಲ್ಲ, ದಿಂಡನ್ನು, ಗಡ್ಡೆಯನ್ನು. ಅದನ್ನು ಕೆರೆದು, ಹಿಂಡಿ, ಎಲೆ ಹಾಸಿದ ಗುಂಡಿಯಲ್ಲಿ ತಿಂಗಳುಗಟ್ಟಲೆ ಹುಳಿ ಬರಲು ಬಿಟ್ಟ ಹಿಟ್ಟೇ ನಮಗೆ ಅನ್ನ.

ನೆಡುವುದು ಗಂಡಸರ ಕೆಲಸ. ತಾಯಿಗಡ್ಡೆಯ ಸುಳಿ ಕೊರೆದು, ಸಗಣಿಗೊಬ್ಬರ ತುಂಬಿ ಮಣ್ಣು ಮುಚ್ಚಿದರೆ ಸುತ್ತ ಮರಿಗಳು ಏಳುತ್ತವೆ. ಅವನ್ನು ಕಿತ್ತು ನೆಡಬೇಕು, ಮತ್ತೆ ಕಿತ್ತು ಇನ್ನಷ್ಟು ಅಂತರ ಬಿಟ್ಟು ನೆಡಬೇಕು. ಹೀಗೆ ಆರೇಳು ವರ್ಷ ಸಾಕಿದರೆ ಒಂದು ಗಿಡ. ಈ ವಿದ್ಯೆಯಲ್ಲಿ ದಂಗಿಸೊನನ್ನು ಮೀರಿಸಿದವರಿಲ್ಲ ಎಂದು ಊರು ಹೇಳುತ್ತಿತ್ತು. ದಂಗಿಸೊ ಅಂದರೆ ನಾನೇ. ಊರು ಒಂದು ಸಲ ಹೇಳಿದರೆ ನಾನು ಹತ್ತು ಸಲ ಹೇಳಿಕೊಳ್ಳುತ್ತಿದ್ದೆ.

ಗಿಡ ಉರುಳಿದ ಮೇಲೆ ಮಾತ್ರ ಗಂಡಸಿಗೆ ಅಲ್ಲಿ ಏನೂ ಕೆಲಸವಿಲ್ಲ. ಹೆಂಗಸರು ಕೂತು ಕೆರೆಯುವ ಜಾಗಕ್ಕೆ ನಾವು ಕಾಲಿಡುವಂತಿಲ್ಲ. ಹಾಗಾಗಿ ಪಕ್ಕದ ಮನೆಯವಳಾದರೂ ದಂಬಾಲೆಯ ವಿದ್ಯೆಯನ್ನು ನಾನು ಬೇಲಿಯಾಚೆಯಿಂದಷ್ಟೇ ಕಂಡವನು. ಆದರೆ ತಿಂದದ್ದು ಹೊಟ್ಟೆ ತುಂಬ. ಗುಂಡಿಯ ಎಲೆ ಸರಿಸಿ ಒಮ್ಮೆ ಮೂಸಿದರೆ ಸಾಕು, ಇದನ್ನು ನಾಳೆಯೇ ತಿರುವಿ ಹಾಕಿ, ಇದಕ್ಕೆ ಇನ್ನೊಂದು ತಿಂಗಳು ಬೇಕು, ಇದಕ್ಕೆ ನೀರು ನುಗ್ಗಿದೆ ಎಂದು ಹೇಳಿಬಿಡುತ್ತಿದ್ದಳು. ಹಿಂಡಿದ ನೀರಿನ ತಳದಲ್ಲಿ ಕೂರುವ ಬಿಳಿ ಗಸಿಯನ್ನು ಅವಳಷ್ಟು ನಯವಾಗಿ ಯಾರೂ ತೆಗೆಯುತ್ತಿರಲಿಲ್ಲ. ಬಾಣಂತಿಯರಿಗೆ ಅದರ ಗಂಜಿಗೆ ಬೆಣ್ಣೆ ಹಾಕಿ ಕೊಡುತ್ತಾರೆ. ಊರಿನ ಅರ್ಧ ಮಕ್ಕಳು ಅವಳು ತೆಗೆದ ಗಸಿಯಿಂದ ಆದ ಹಾಲು ಕುಡಿದು ಬೆಳೆದವರೇ. ಯಾರ ಮನೆಯಲ್ಲಿ ದಿಂಡಿನ ಕೆರೆತವಿದ್ದರೂ ಮೊದಲ ಕರೆ ಅವಳಿಗೆ. ಹತ್ತು ಹೆಂಗಸರು ಸಾಲಾಗಿ ಕೂತರೆ ಅವಳು ಮೇಲುಗಡೆ ಕೂರುತ್ತಿದ್ದಳು, ಅವಳ ಬಿದಿರು ನಿಂತಾಗ ಉಳಿದವರದ್ದೂ ನಿಲ್ಲುತ್ತಿತ್ತು.

ನಾನು ನನ್ನ ಗಿಡಗಳ ಬಗ್ಗೆ ಕೊಚ್ಚಿಕೊಳ್ಳುವಾಗ ಅವಳು ಬೇಲಿಯಾಚೆಯಿಂದ ಸುಮ್ಮನೆ ಬಿಡುತ್ತಿರಲಿಲ್ಲ. "ಅಸ್ಕಾಲೆ ಇರೋದಕ್ಕೆ ನೀನು ರೈತ, ಮಗಾ. ಅವಳು ಕೆರೀದಿದ್ರೆ ನೀನು ಬರೀ ಎಲೆ ಸಾಕೋನು." ಅಸ್ಕಾಲೆ ನನ್ನ ಹೆಂಡತಿ. ಅವಳು ಒಳಗಿಂದ ನಗುತ್ತಿದ್ದಳು.

ದಂಬಾಲೆಯ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇಬ್ಬರು ಹೆಣ್ಣುಮಕ್ಕಳು ಆಚೆ ಬೆಟ್ಟಕ್ಕೆ ಮದುವೆಯಾಗಿ ಹೋಗಿದ್ದರು. ಅವಳ ಹಿತ್ತಲಲ್ಲಿ ಐವತ್ತೆರಡು ಗಿಡಗಳಿದ್ದವು. ಒಣಗಿದ ಎಲೆ ಸವರುವುದು, ಅಗೆಯುವುದು, ಮರಿ ನೆಡುವುದು ನಾನೇ ಮಾಡುತ್ತಿದ್ದೆ. ಅದಕ್ಕೆ ಬದಲಾಗಿ ನಮ್ಮ ಗುಂಡಿಗಳ ಮೇಲೆ ಅವಳ ಕಣ್ಣಿರುತ್ತಿತ್ತು. ಯಾರೂ ಲೆಕ್ಕ ಇಟ್ಟವರಲ್ಲ.

ಇನ್ನು ಹೇಳಬೇಕಾದದ್ದನ್ನು ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ವೇಸೆಗೆ ಬರುವ ಬಾಡುರೋಗಕ್ಕೆ ಮದ್ದಿಲ್ಲ. ನಡುವಿನ ಎಲೆ ಬಿಸಿನೀರು ಸುರಿದ ಹಾಗೆ ಜೋತುಬೀಳುತ್ತದೆ. ಕಡಿದರೆ ಹಳದಿ ಕೀವು. ಅದು ಗಿಡದಿಂದ ಗಿಡಕ್ಕೆ ಹೋಗುವುದು ನಮ್ಮ ಕತ್ತಿಯ ಬಾಯಿಯಲ್ಲಿ. ಆದ್ದರಿಂದ ನಮ್ಮಲ್ಲಿ ಒಂದು ಕಟ್ಟುಪಾಡಿದೆ. ರೋಗ ಕಂಡವನು ಅಂದೇ ಮನೆಯ ದಾರಿಗೆ ಹಸಿ ಕೊಂಬೆ ಅಡ್ಡ ಹಾಕಬೇಕು. ಆ ಮನೆಯ ಕತ್ತಿ ಗುದ್ದಲಿ ಬೇಲಿ ದಾಟುವಂತಿಲ್ಲ. ಆ ಮನೆಯ ಹೆಂಗಸು ಒಂದು ವರ್ಷ ಯಾರ ಕೆರೆತಕ್ಕೂ ಹೋಗುವಂತಿಲ್ಲ. ಕೊಂಬೆ ಇರಲಿ ಬಿಡಲಿ, ಒಬ್ಬರ ಹಿತ್ತಲಿಂದ ಇನ್ನೊಬ್ಬರ ಹಿತ್ತಲಿಗೆ ಹೋಗುವ ಕತ್ತಿಗೆ ಬೆಂಕಿ ತೋರಿಸಲೇಬೇಕು. ಮಕ್ಕಳಿಗೂ ಗೊತ್ತಿರುವ ಮಾತು.

ಅದು ನಡೆದ ವಾರ ನನ್ನ ಮಗಳು ಅಮರೆಚ್‌ಳನ್ನು ತನ್ನ ಮಗನಿಗೆಂದು ನೋಡಲು ಹಂಕಾಮೊ ಮನೆಯವರ ಜೊತೆ ಬರುವವನಿದ್ದ. ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮೊದಲು ಹಿತ್ತಲು ನೋಡುತ್ತಾರೆ. ವೇಸೆ ಸೊಂಪಾಗಿದ್ದರೆ ಮನೆ ಸೊಂಪು. ಅವರು ಬರುವುದಕ್ಕೆ ಎರಡು ದಿನ ಮೊದಲು, ಬೆಳಿಗ್ಗೆ, ನಮ್ಮ ಕೊಟ್ಟಿಗೆಯ ಹಿಂದಿನ ಗಿಡವೊಂದರ ನಡುಎಲೆ ಜೋತುಬಿದ್ದದ್ದು ಕಂಡೆ. ಕಡಿದೆ. ಹಳದಿ ಬಂತು. ಬಾಗಿಲಿಗೆ ಕೊಂಬೆ ಬಿದ್ದರೆ ಹಂಕಾಮೊ ದಾರಿಯಿಂದಲೇ ತಿರುಗಿ ಹೋಗುತ್ತಾನೆ ಎನ್ನಿಸಿತು. ಅಮರೆಚ್‌ಳ ಗತಿ ಏನು ಎಂದು ನನಗೆ ನಾನೇ ಕೇಳಿಕೊಂಡೆ. ಅದು ನೆಪ. ನಾನು ಹೆದರಿದ್ದು ದಂಗಿಸೊನ ಹಿತ್ತಲಿಗೂ ರೋಗ ಬಂತಂತೆ ಎಂಬ ಮಾತಿಗೆ. ಗಿಡವನ್ನು ಬುಡಸಹಿತ ಅಗೆದು, ಆಳ ಗುಂಡಿ ತೋಡಿ ಹೂತೆ, ಮೇಲೆ ಸಗಣಿ ಸುರಿದೆ. ಅಸ್ಕಾಲೆಗೂ ಹೇಳಲಿಲ್ಲ. ಕತ್ತಿಯನ್ನು ಹುಲ್ಲಿಗೆ ಒರೆಸಿದೆ.

ಅಷ್ಟರಲ್ಲಿ ಬೇಲಿಯಾಚೆಯಿಂದ ದಂಬಾಲೆ ಕೂಗಿದಳು. ಅವಳಿಗೆ ಎಲೆ ಸವರಿ ಕೊಡುತ್ತೇನೆಂದು ಮಾತು ಕೊಟ್ಟ ದಿನ ಅದೇ ಆಗಿತ್ತು. ಬರುವುದಿಲ್ಲ ಎನ್ನಲು ಒಂದು ಕಾರಣ ಬೇಕಿತ್ತು, ನನಗೆ ಹೊಳೆಯಲಿಲ್ಲ. ಹೋದೆ. ಅವಳು ಒಲೆಯ ಮುಂದೆ ಕೂತು ಕಾಫಿ ಹುರಿಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು.

"ಕತ್ತಿಗೆ ಬೆಂಕಿ ತೋರಿಸ್ಕೊಂಡು ಬಂದ್ಯಾ, ಮಗಾ?"

"ತೋರಿಸಿದೆ, ದೊಡ್ಡವ್ವ."

ಒಲೆಯಲ್ಲಿ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಕೈ ಚಾಚಿದರೆ ಸಾಕಿತ್ತು. ಆದರೆ ನಮ್ಮ ಮನೆಯಲ್ಲಿ ತೋರಿಸಿದವನು ಇಲ್ಲಿ ಮತ್ತೆ ಯಾಕೆ ತೋರಿಸುತ್ತಾನೆ? ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಾನು ಕೆಂಡದ ಕಡೆ ನೋಡಲೂ ಇಲ್ಲ. ಮಧ್ಯಾಹ್ನದವರೆಗೆ ಐವತ್ತೆರಡೂ ಗಿಡಗಳ ಎಲೆ ಸವರಿದೆ, ಅವಳು ಕೊಟ್ಟ ರೊಟ್ಟಿಯನ್ನು ಹಸಿರು ಸೊಪ್ಪು, ಬೆಣ್ಣೆ ಹಚ್ಚಿಕೊಂಡು ತಿಂದೆ, ಕಾಫಿ ಕುಡಿದು ಬಂದೆ.

ಹಂಕಾಮೊ ಬಂದ, ಹಿತ್ತಲು ನೋಡಿ ತಲೆದೂಗಿದ. ಮಾತು ಗಟ್ಟಿಯಾಯಿತು.

ಒಂದೂವರೆ ತಿಂಗಳಿಗೆ ದಂಬಾಲೆಯ ಹಿತ್ತಲಲ್ಲಿ ಮೊದಲ ಗಿಡ ಬಾಡಿತು. ಅದನ್ನು ಕಂಡ ಗಳಿಗೆಯೇ ಅವಳು ಹೋಗಿ ಹಸಿ ಕೊಂಬೆ ಮುರಿದು ತಂದು ತನ್ನ ದಾರಿಗೆ ತಾನೇ ಅಡ್ಡ ಹಾಕಿದಳು. ಅರವತ್ತು ದಾಟಿದ ಮುದುಕಿಗೆ ಅಷ್ಟು ಸುಲಭವಾದದ್ದು ನನಗೆ ಆಗಿರಲಿಲ್ಲ. ಆಮೇಲೆ ಸಾಲುಸಾಲೇ ಹೋಯಿತು. ವಾರಕ್ಕೆ ನಾಲ್ಕು, ಐದು. ಅವಳ ಗಿಡಗಳನ್ನು ಅಗೆದು ಹೂಳಲು ಹೋದವನೂ ನಾನೇ. ಊರವರು ನನ್ನನ್ನು ಹೊಗಳಿದರು. ನನ್ನ ಹಿತ್ತಲಿನ ಒಂದು ಗಿಡಕ್ಕೂ ಮತ್ತೆ ಏನೂ ಆಗಲಿಲ್ಲ. ಎಲೆಗಳು ಎಣ್ಣೆ ಸವರಿದ ಹಾಗೆ ಮಿನುಗುತ್ತಿದ್ದವು. ಬೆಳಿಗ್ಗೆ ಎದ್ದು ಅವನ್ನು ನೋಡುವುದೇ ಒಂದು ಶಿಕ್ಷೆಯಾಯಿತು. ಹೆಗ್ಗಣ ರೋಗ ತಂದಿರಬಹುದು ಎಂದು ಯಾರಾದರೂ ಅಂದರೆ ಹೌದೌದು ಎಂದು ಎಲ್ಲರಿಗಿಂತ ಮೊದಲು ನಾನೇ ಹೇಳುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಕತೆ ನನ್ನದು.

ಕೆರೆತಗಳು ನಡೆದವು, ದಂಬಾಲೆಯನ್ನು ಯಾರೂ ಕರೆಯಲಿಲ್ಲ. ಕರೆಯುವಂತಿರಲಿಲ್ಲ. ಅವಳು ತನ್ನ ಬಾಗಿಲಲ್ಲಿ ಕೂತು ಬಿದಿರುಗಳ ಸದ್ದು ಕೇಳುತ್ತಿದ್ದಳು. ಒಮ್ಮೆ ನಮ್ಮ ಮನೆಯ ಕೆರೆತದ ದಿನ ಅಲ್ಲಿಂದಲೇ ಕೂಗಿ, ಗಡ್ಡೆ ಜಜ್ಜುವ ಸದ್ದು ಹಸಿಯಾಗಿದೆ, ಇನ್ನೂ ಸ್ವಲ್ಪ ಜಜ್ಜಿ ಎಂದಳಂತೆ. ಅಸ್ಕಾಲೆ ಅದನ್ನು ಹೇಳುತ್ತಾ ಅತ್ತಳು. ನಾನು ಎದ್ದು ಕೊಟ್ಟಿಗೆಗೆ ಹೋದೆ.

ಹೊಸ ವರ್ಷದ ಫಿಚ್ಚೆ ಹಬ್ಬ ಬಂತು. ಹಬ್ಬಕ್ಕೆ ಮೊದಲು ಹಿರಿಯರು ಮರದಡಿ ಕೂರುತ್ತಾರೆ. ಹಳೆ ವರ್ಷದ ತಪ್ಪನ್ನು ಮುಚ್ಚಿಟ್ಟುಕೊಂಡು ಯಾರೂ ಹೊಸದಕ್ಕೆ ಕಾಲಿಡಬಾರದು. ಹಿರಿಯ ಬೊರ್ಸಾಮೊ ಮೂರು ಸಲ ಕೇಳುತ್ತಾನೆ, ಯಾರ ಎದೆಯಲ್ಲಿ ಏನಿದ್ದರೂ ಇಲ್ಲಿ ಇಳಿಸಿ ಎಂದು. ಅಲ್ಲಿ ಸುಳ್ಳಾಡಿದವನ ಮನೆಯ ನೀರನ್ನೂ ನಮ್ಮವರು ಕುಡಿಯುವುದಿಲ್ಲ.

ಮೊದಲನೆಯ ಸಲ ಕೇಳಿದಾಗ ನಾನು ನೆಲ ನೋಡಿದೆ. ಎರಡನೆಯ ಸಲ ಕೇಳಿದಾಗ ಹೆಂಗಸರ ಕಡೆಯಿಂದ ದಂಬಾಲೆ ಎದ್ದು ನಿಂತಳು.

"ಕೇಳಿದ್ರಾ?" ಅಂದಳು, ಮಾತಿಗೆ ಮೊದಲು ನಾವು ಕೇಳುವ ಹಾಗೆ.

"ಕೇಳಿದೆವು," ಅಂದರು ಎಲ್ಲರೂ.

"ನನ್ನ ಹಿತ್ತಲಿಗೆ ರೋಗ ತಂದೋಳು ನಾನೇ. ಬೇರೆ ಯಾರ ಕತ್ತಿನೂ ಬೆಂಕಿ ಕಾಣದೆ ಒಳಗೆ ಬಂದಿಲ್ಲ, ನಾನೇ ಕೇಳಿದೀನಿ. ನಂದೇ ಯಾವತ್ತೋ ತಪ್ಪಿದೆ. ಕಣ್ಣು ಮಂಜಾಗಿದೆ, ನೆನಪೂ ಇಲ್ಲ. ಇನ್ನು ವರ್ಷ ಕಳೆದರೂ ನನ್ನನ್ನ ಕೆರೆತಕ್ಕೆ ಕರೀಬೇಡಿ. ನಿಮ್ಮ ಹಿತ್ತಲೂ ಹಾಳಾಗೋದು ಬೇಡ."

ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎಂದುಕೊಂಡೆ. ನನ್ನ ಒಂದು ಮಾತನ್ನು ನಂಬಿ, ಅದು ನಿಜವಿರಬೇಕಾದರೆ ತಾನೇ ತಪ್ಪಿರಬೇಕು ಎಂದು ಅವಳು ತೀರ್ಮಾನಿಸಿದ್ದಳು. ಐವತ್ತೆರಡು ಗಿಡ ಕಳೆದದ್ದು ಸಾಲದೆಂದು ಅವಳ ಕೈಯ ವಿದ್ಯೆಯನ್ನೂ ಕಳೆಯಲು ಹೊರಟಿದ್ದೆ.

ಬೊರ್ಸಾಮೊ ಮೂರನೆಯ ಸಲ ಕೇಳಿದ. ನಾನು ಎದ್ದೆ. ಧೈರ್ಯ ಬಂದು ಎದ್ದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಕೂರಲು ಆಗಲಿಲ್ಲ, ಎದ್ದೆ. ಕೊಟ್ಟಿಗೆಯ ಹಿಂದಿನ ಗಿಡದಿಂದ ಹಿಡಿದು ಅವಳ ಮನೆಯಲ್ಲಿ ಕುಡಿದ ಕಾಫಿಯವರೆಗೆ ಎಲ್ಲ ಹೇಳಿದೆ. ಅಸ್ಕಾಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ದಂಬಾಲೆ ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ಕಾದೆ.

"ಕೆಂಡ ಅಲ್ಲೇ ಇತ್ತಲ್ಲ, ಮಗಾ," ಅಂದಳು.

ಹಿರಿಯರು ಅವಳಿಗೆ ಏನು ಬೇಕೆಂದು ಕೇಳಿದರು. ಹಸು ಕೇಳಬಹುದಿತ್ತು, ನನ್ನ ಅರ್ಧ ಹಿತ್ತಲು ಕೇಳಬಹುದಿತ್ತು. ಮರಿ ಕೊಡಲಿ, ನೆಟ್ಟು ಕೊಡಲಿ, ಅದು ಹೇಗೂ ಆಗಬೇಕಾದ್ದೇ ಎಂದಳು. ಅದರ ಮೇಲೆ ಅವಳು ಕೇಳಿದ್ದು ಒಂದೇ: ಹಬ್ಬ ಕಳೆದ ಮೇಲೆ ಇವನು ನನ್ನ ಜೊತೆ ನನ್ನ ಹಿತ್ತಲಲ್ಲಿ ಒಂದು ಸುತ್ತು ನಡೆಯಲಿ, ನಾನು ಹೇಳಿದ್ದನ್ನು ಕೇಳಲಿ. ಇಷ್ಟೇನಾ ಎಂದು ನನಗೆ ಹಗುರವಾಯಿತು. ಎಂಥ ದಡ್ಡ ನಾನು.

ತಪ್ಪು ಅವಳದಲ್ಲ, ಹಿತ್ತಲಲ್ಲಿ ರೋಗದ ಗಿಡವೂ ಉಳಿದಿಲ್ಲ, ಅವಳನ್ನು ಮತ್ತೆ ಕೆರೆತಕ್ಕೆ ಕರೆಯುವುದೆಂದು ಹೆಂಗಸರು ಅಲ್ಲೇ ನಿಶ್ಚಯಿಸಿದರು. ವರ್ಷ ಮನೆಯಲ್ಲಿ ಕೂರಬೇಕಾದವಳು ಅಸ್ಕಾಲೆಯಾದಳು. ಅವಳು ನನ್ನ ಜೊತೆ ಎಂಟು ದಿನ ಮಾತಾಡಲಿಲ್ಲ. ಹಂಕಾಮೊನಿಗೂ ನಿಜ ಹೇಳಿ ಕಳಿಸಿದೆ, ಸಂಬಂಧ ಮುರಿಯುತ್ತದೆ ಎಂದೇ ಅಂದುಕೊಂಡು. ಅವನಿಂದ ಮಾತು ತಿರುಗಿ ಬಂತು: ಹೋದ ವರ್ಷ ನಮ್ಮಲ್ಲೂ ಹನ್ನೆರಡು ಗಿಡ ಹೋದವು, ರೋಗ ಬಾರದ ಹಿತ್ತಲು ಯಾವುದಿದೆ, ಮದುವೆಯ ದಿನ ನೋಡಿ.

ಹಬ್ಬದ ಮೂರನೆಯ ದಿನ ದಂಬಾಲೆಯ ಹಿತ್ತಲಿಗೆ ಹೋದೆ. ಗಿಡಗಳಿದ್ದಲ್ಲಿ ಬರೀ ಗುಳಿಗಳು. ಅವಳು ಕೋಲೂರಿಕೊಂಡು ಒಂದೊಂದರ ಮುಂದೆಯೂ ನಿಂತಳು. ಇದು ದೊಡ್ಡ ಮಗಳು ಹುಟ್ಟಿದ ವರ್ಷದ ಗಡ್ಡೆಯ ಮರಿಯ ಮರಿ. ಇದು ಮಕ್ಕಳ ಅಪ್ಪ ಕೊನೆಯದಾಗಿ ನೆಟ್ಟದ್ದರ ಮರಿ. ಇದರ ಗಡ್ಡೆಯನ್ನು ಬೇಯಿಸಿ ಹಾಲಿನ ಜೊತೆ ಕೊಟ್ಟರೆ ಮುರಿದ ಮೂಳೆ ಕೂಡುತ್ತದೆ, ನಿನ್ನ ಕಾಲು ಮುರಿದಾಗ ಕೊಟ್ಟದ್ದು ಇದರ ತಾಯಿಯದು. ಇದು ಹಿಟ್ಟಿಗಿಂತ ನಾರಿಗೆ ಒಳ್ಳೆಯದು. ಇದು ತಡವಾಗಿ ಬಲಿಯುವುದು, ಬರಗಾಲಕ್ಕೆಂದು ಬಿಟ್ಟದ್ದು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ನನ್ನ ಕೈಯಾರೆ ನೆಟ್ಟವೇ ಅದರಲ್ಲಿ ಅರ್ಧ. ಒಂದರ ಕತೆಯೂ ನನಗೆ ಗೊತ್ತಿರಲಿಲ್ಲ. ಬೆಟ್ಟಕ್ಕೆಲ್ಲ ದೊಡ್ಡ ಬೆಳೆಗಾರನಂತೆ ನಾನು.

ಐವತ್ತೊಂದು ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ನಮ್ಮ ಬೇಲಿಯ ಪಕ್ಕದ ದೊಡ್ಡ ಗುಳಿಯ ಮುಂದೆ ಅವಳು ನಿಂತಳು.

"ಇದು ಯಾವುದು, ದೊಡ್ಡವ್ವ?" ಎಂದು ನಾನೇ ಕೇಳಬೇಕಾಯಿತು.

"ಎಲ್ಲದಕ್ಕಿಂತ ರುಚಿಯಾದ ಜಾತಿ. ಎಂಟು ವರ್ಷ ಕಡಿದಿರಲಿಲ್ಲ," ಅಂದಳು. "ಅಮರೆಚ್ ಮದುವೆಗೆ ಅಂತ ಬಿಟ್ಟಿದ್ದೆ."