ಚನ್ನವೀರಪ್ಪನವರ ಭಾರದ ಗುಂಡು

ಶ್ರೀನಗರದ ಸ್ಟೀಲ್ ಪಾತ್ರೆ ಅಂಗಡಿಯ ಚನ್ನವೀರಪ್ಪನವರು ಯಾವ ವಸ್ತುವನ್ನೂ ಮೊದಲು ಕಣ್ಣಿನಿಂದ ನೋಡುವುದಿಲ್ಲ. ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸುತ್ತಾರೆ. ಭಾರ ಇದ್ದರೆ ಒಳ್ಳೆಯ ಮಾಲು, ಇಲ್ಲದಿದ್ದರೆ ದೇವಲೋಕದಿಂದ ಬಂದಿದ್ದರೂ ತಗಡು. ಕೊಳಗ, ತೆಂಗಿನಕಾಯಿ, ಮದುವೆಯ ಕರೆಯೋಲೆ, ಎಲ್ಲಕ್ಕೂ ಇದೇ ಪರೀಕ್ಷೆ. ಪಕ್ಕದಲ್ಲೇ ಔಷಧಿ ಅಂಗಡಿ ಇಟ್ಟಿರುವ ನನ್ನ ಮಾತ್ರೆಗಳ ಮೇಲೆ ಅವರಿಗೆ ಇವತ್ತಿಗೂ ನಂಬಿಕೆಯಿಲ್ಲ.

ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ನಡೆಯಿರಿ ಎಂದರು. ಇವರು ನಿಂತಲ್ಲೇ ನಿಂತು ಆಡುವ ಆಟವೊಂದನ್ನು ಹುಡುಕಿಕೊಂಡರು. ಬೇಗೂರಿನ ಆಚೆ ಒಂದು ಬಯಲಿನಲ್ಲಿ ನಾವು ಕೆಲವರು ಭಾನುವಾರ ಏರ್ ರೈಫಲ್ ಹಿಡಿದು ಗುರಿ ಅಭ್ಯಾಸ ಮಾಡುತ್ತೇವೆ. ಅಲ್ಲಿಗೆ ಅವರೂ ಒಂದು ಸ್ಪ್ರಿಂಗ್ ಬಂದೂಕು ಕೊಂಡು ಬಂದರು. ಬಂದೂಕನ್ನು ಮಡಚಿದರೆ ಒಳಗಿನ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಕುದುರೆ ಎಳೆದರೆ ಅದು ಚಿಮ್ಮಿ ಗಾಳಿಯನ್ನು ನೂಕುತ್ತದೆ, ಗಾಳಿ ಗುಂಡನ್ನು ನೂಕುತ್ತದೆ. ಪಾಪ, ಅದರ ಶಕ್ತಿ ಅಷ್ಟೇ.

ನಮಗೆಲ್ಲ ಹತ್ತು ಮೀಟರ್ ಸಾಕಿತ್ತು. ಚನ್ನವೀರಪ್ಪನವರಿಗೆ ಐವತ್ತು ಬೇಕಾಗಿತ್ತು, ಏಕೆಂದರೆ ಬನಶಂಕರಿಯಲ್ಲಿ ಜಯದೇವಪ್ಪನವರಿದ್ದರು. ಮಗಳು ಪ್ರಿಯಾಂಕಾಳ ಮಾವ. ಆ ಮಹಾಶಯರು ಮದುವೆಯಾದಂದಿನಿಂದ ಬೀಗರ ಮನೆಯ ಒಂದು ಒಬ್ಬಟ್ಟನ್ನೂ ಹೊಗಳಿದವರಲ್ಲ. ಚೆನ್ನಾಗಿದೆಯಾ ಎಂದು ಕೇಳಿದರೆ "ಹ್ಞೂಂ" ಎನ್ನುತ್ತಾರೆ, ಮುಗಿಯಿತು. ಆ ಹ್ಞೂಂಕಾರ ಚನ್ನವೀರಪ್ಪನವರ ನಿದ್ದೆ ಕೆಡಿಸಿತ್ತು. ನಮ್ಮ ಗುಂಪು ವರ್ಷಕ್ಕೊಮ್ಮೆ ನಡೆಸುವ ಸ್ಪರ್ಧೆಯ ದಿನ ಬೀಗರನ್ನು ಕರೆಸಿ, ಐವತ್ತು ಮೀಟರ್ ಆಚೆ ತೂಗುಹಾಕಿದ ಕಬ್ಬಿಣದ ಬಿಲ್ಲೆಯನ್ನು ಠಣ್ ಎನ್ನಿಸಿ, ಆ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಹೊರಡಿಸಬೇಕು ಎನ್ನುವುದು ಅವರ ಹಟ.

ಗುಂಡು ಆರಿಸುವ ದಿನ ಅಂಗೈ ಮತ್ತೆ ಕೆಲಸಕ್ಕೆ ಬಂತು. ಇದ್ದದ್ದರಲ್ಲೇ ಅತಿ ಭಾರದ ಸೀಸದ ಗುಂಡಿನ ಡಬ್ಬಿಯನ್ನು ಎತ್ತಿಕೊಂಡರು. ನಮಗೆ ಕಲಿಸುವ ಕಲ್ಯಾಣಿ ತಿಳಿಹೇಳಿದಳು: ಭಾರದ ಗುಂಡು ನಿಧಾನ, ದೂರಕ್ಕೆ ಹೋಗುತ್ತಾ ಬೇಗ ಕುಸಿಯುತ್ತದೆ, ಸ್ಪ್ರಿಂಗಿಗೂ ಪೆಟ್ಟು.

"ನಿಮ್ಮ ಬಂದೂಕಿಗೆ ಈ ಗುಂಡು ಆಗಲ್ಲ ಅಂಕಲ್. ಲೈಟ್ ಆಗಿರೋದು ಹಾಕಿ."

"ಹಗುರ ಇರೋದು ಗಾಳಿಗೆ ಹಾರೋಗುತ್ತಮ್ಮ. ಮೂವತ್ತು ವರ್ಷದಿಂದ ಲೋಹ ಮಾರ್ತಿದೀನಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಗುಂಡು ಬಿಲ್ಲೆಗಿಂತ ಗೇಣು ಕೆಳಗೆ ಬಿದ್ದಾಗ ಅವರು ಗೇಣು ಮೇಲೆ ಗುರಿಯಿಟ್ಟರು. ದಣಿದ ಸ್ಪ್ರಿಂಗ್ ದಿನೇ ದಿನೇ ಸೋಲುತ್ತಾ ಹೋದಂತೆ ಗುರಿ ಮೇಲೇರಿತು. ಮೊದಲು ಬಿಲ್ಲೆಯ ಕಂಬ, ಆಮೇಲೆ ಹಿಂದಿನ ಮಣ್ಣಿನ ದಿಬ್ಬ, ಕೊನೆಗೆ ದಿಬ್ಬದ ತಲೆಯ ಮೇಲಿನ ಕಳ್ಳಿ ಗಿಡ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ, ಭಾರದ ಗುಂಡಿಗೆ ಮರ್ಯಾದೆ ಕೊಟ್ಟು ಹೊಡೆಯಬೇಕು ಎಂದು ನಮಗೇ ಪಾಠ ಹೇಳುತ್ತಿದ್ದರು. ನನಗಂತೂ ಮೈ ಉರಿಯುತ್ತಿತ್ತು.

ಸ್ಪರ್ಧೆಯ ದಿನ ಜಯದೇವಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ಕುರ್ಚಿಯಲ್ಲಿ ಕೂತರು. ಚನ್ನವೀರಪ್ಪನವರು ಕಳ್ಳಿ ಗಿಡಕ್ಕೆ ಗುರಿಯಿಟ್ಟು ಹೊಡೆದರು. ಎಲ್ಲರೂ ಕಿವಿಗೊಟ್ಟು ಕಾದೆವು. ಠಣ್ ಎನ್ನಲಿಲ್ಲ. ಬಿಲ್ಲೆಗಿಂತ ಬಹಳ ಈಚೆಯೇ ನೆಲದಲ್ಲಿ ಚಿಟಿಕೆ ಧೂಳೆದ್ದಿತು. ಎರಡನೆಯ ಸಲಕ್ಕೆ ಬಂದೂಕಿನ ಹೊಟ್ಟೆಯೊಳಗೆ ಕಟಕ್ ಎಂದು ಏನೋ ಮುರಿದು, ಗುಂಡು ನಳಿಗೆಯಲ್ಲೇ ಉಳಿಯಿತು.

ಅವರು ಬಂದೂಕು ಕೆಳಗಿಟ್ಟು ನೆಲ ನೋಡುತ್ತಾ ನಿಂತರು. ಅಷ್ಟು ಹೊತ್ತು ನಗು ತಡೆದುಕೊಂಡಿದ್ದ ನನಗೂ ಅಯ್ಯೋ ಎನ್ನಿಸಿತು. ಜಯದೇವಪ್ಪನವರು ಎದ್ದು ಬಂದರು. ಡಬ್ಬಿಯನ್ನು ನೋಡಿದರು, ಬಂದೂಕನ್ನು ನೋಡಿದರು.

"ಬಿಡಿ ಬೀಗರೇ. ನಿಮ್ಮ ಗುಂಡಿಗೆ ತಕ್ಕ ಬಂದೂಕಲ್ಲ ಇದು."

ಚನ್ನವೀರಪ್ಪನವರ ಕಣ್ಣಲ್ಲಿ ನೀರಾಡಿತು. ಬೀಗರ ಎರಡೂ ಕೈ ಹಿಡಿದುಕೊಂಡು, ಇಷ್ಟು ದಿನಕ್ಕೆ ವಿಷಯ ಬಲ್ಲವರೊಬ್ಬರು ಸಿಕ್ಕರು ಎಂದು ನಮ್ಮೆಲ್ಲರಿಗೂ ಕೇಳುವಂತೆ ಹೇಳಿದರು. ಕಲ್ಯಾಣಿ ನನ್ನ ಮುಖ ನೋಡಿದಳು. ಅವಳು ಹೇಳಿದ್ದೂ ಅದೇ ಮಾತು, ಆದರೆ ಅವಳು ಬೀಗರಲ್ಲವಲ್ಲ.