ಬಾಟಲಿಯ ತಳದ ಕೆಸರು

ಹಾಲಿನವನ ಎದುರಿಗೇ ಹಾಲಿಗೆ ಬೆರಳು ಅದ್ದಿ ನೋಡುವವಳು ನಾನು. ಅಂಥವಳ ಓಣಿಯ ಕೊನೆಗೆ ಗಟಾರದ ನೀರು ಶುದ್ಧ ಮಾಡುವ ಸಣ್ಣ ಘಟಕ ಕಟ್ಟಿದರೆ ನಂಬುತ್ತೇನೆಯೇ? ಇಂಡಿ ತಾಲೂಕಿನ ನಮ್ಮೂರಲ್ಲಿ ಬಚ್ಚಲುಗಳಿಗೆ ಪೈಪು ಜೋಡಿಸಿದ ದಿನವೇ ನನಗೆ ಸಂಶಯ ಹೊಕ್ಕಿತು. ಇಲ್ಲಿಂದ ಹೋದ ಹೊಲಸು ಅದೇ ಪೈಪಿನಲ್ಲಿ ತಿರುಗಿ ಬರುವುದಿಲ್ಲ ಎಂದು ಏನು ಗ್ಯಾರಂಟಿ? ದಿನಾ ಬೆಳಿಗ್ಗೆ ಬಚ್ಚಲಿಗೆ ಒಂದು ಚೊಂಬು ಫಿನಾಯಿಲ್ ಸುರಿಯತೊಡಗಿದೆ. ಓಣಿಯ ಹೆಣ್ಣುಮಕ್ಕಳಿಗೂ ಹೇಳಿಕೊಟ್ಟೆ. ಎಲ್ಲರೂ ಸುರಿದರು.

ಘಟಕ ನೋಡಿಕೊಳ್ಳುವವನು ಮಸೀದಿ ಹಿಂದಿನ ಮನೆಯ ನಡುವಯಸ್ಸಿನ ಮನುಷ್ಯ. ಶುದ್ಧವಾದ ನೀರನ್ನು ಅಲ್ಲಿದ್ದ ಲಿಂಬೆ ಗಿಡಗಳಿಗೆ ಬಿಡುತ್ತಿದ್ದ. ಒಂದು ದಿನ ಬುಟ್ಟಿ ತುಂಬ ಹಣ್ಣು ತಂದ.

"ಘಟಕದ ನೀರಿಗೆ ಬೆಳೆದಾವ್ರಿ, ತಗೋರಿ ಅಕ್ಕಾರ."

ಅವನು ಬೆನ್ನು ತಿರುಗಿಸಿದ ಕೂಡಲೇ ತಿಪ್ಪೆಗೆ ಎಸೆದೆ. ಕೇಳದೆ ಕೊಡುವವರ ಮೇಲೆ ನನಗೆ ಮೊದಲಿಂದಲೂ ಅನುಮಾನ.

ತಿಂಗಳೊಳಗೆ ಘಟಕ ನಾರತೊಡಗಿತು. ಅವನು ಮನೆಮನೆಯ ಮುಂದೆ ಗಟಾರದ ಚೇಂಬರಿನ ಮುಚ್ಚಳ ಎತ್ತಿ ಮೂಸುತ್ತ ತಿರುಗಿದ. ಯಂತ್ರ ನಡೆಸುವುದು ಬಿಟ್ಟು ಮನೆಗಳ ಮುಂದೆ ಸುಳಿದಾಡುತ್ತಾನೆ, ಇವನನ್ನು ತೆಗೆಯಿರಿ ಎಂದು ಪಂಚಾಯ್ತಿ ಕಚೇರಿಗೆ ಅರ್ಜಿ ಬರೆದೆ. ಇಡೀ ಓಣಿ ಸಹಿ ಹಾಕಿತು.

ಆಮೇಲೆ ಅವನೇ ನಮ್ಮ ಬಾಗಿಲಿಗೆ ಬಂದ.

"ಗಟಾರಕ್ಕ ಏನರ ಹಾಕಾಕತ್ತೀರೇನ್ರಿ ಅಕ್ಕಾರ? ಹೊಲಸು ತಿನ್ನೂ ಹುಳ ಸಾಯಾಕತ್ತಾವ್ರಿ. ಅವು ಕಣ್ಣಿಗೆ ಕಾಣಂಗಿಲ್ಲ."

"ಕಾಣದ ಹುಳದ ಹೆಸರ ಹೇಳಿ ಪಾರಾಗಬ್ಯಾಡ್ರಿ."

ಅವನು ಸಿಟ್ಟಾಗಲಿಲ್ಲ. "ಬಿಜಾಪುರದಿಂದ ಆ ಹುಳ ಇರೂ ಹೊಸಾ ಕೆಸರು ತಂದೇನ್ರಿ. ಮೊಸರಿಗೆ ಹೆಪ್ಪು ಇದ್ದಂಗ. ನೀವ ನೋಡ್ರಿ."

ಇವನ ಕಳ್ಳತನ ಹಿಡಿದೇ ಬಿಡಬೇಕೆಂದು ಘಟಕಕ್ಕೆ ಹೋದೆ. ಅವನ ಕೈ ತಾಗದಂತೆ ಆ ಕೆಸರುನೀರನ್ನು ನಾನೇ ಎರಡು ಬಾಟಲಿಗಳಿಗೆ ತುಂಬಿಕೊಂಡು ಬಂದು ಕಿಟಕಿಯಲ್ಲಿ ಇಟ್ಟೆ. ಒಂದಕ್ಕೆ ನನ್ನ ಫಿನಾಯಿಲ್ ಹಾಕಿದೆ. ಅರ್ಧ ಗಂಟೆಯಲ್ಲಿ ಇನ್ನೊಂದರ ತಳಕ್ಕೆ ಕಂದು ಕೆಸರು ಕುಳಿತು, ಮೇಲೆ ತಿಳಿನೀರು ನಿಂತಿತು. ಫಿನಾಯಿಲ್ ಹಾಕಿದ್ದು ಸಂಜೆಯಾದರೂ ಕದಡಿಯೇ ಇತ್ತು. ಬಾಟಲಿಯಲ್ಲೇ ಏನೋ ಮೋಸವಿರಬೇಕೆಂದು ಮರುದಿನ ಬಾಟಲಿ ಬದಲಿಸಿ ಮತ್ತೆ ಮಾಡಿದೆ. ಹಾಗೆಯೇ ಆಯಿತು. ಹೆಪ್ಪಿಗೆ ವಿಷ ಹಾಕಿದವಳು ನಾನೇ. ನಾಚಿಕೆಯಾಯಿತು.

ಬೆಳಿಗ್ಗೆ ಕಚೇರಿಗೆ ಓಡಿದೆ. ಅವನನ್ನು ಕೆಲಸದಿಂದ ತೆಗೆಯುವ ಕಾಗದ ಸಿದ್ಧವಾಗಿತ್ತು. ಸಹಿ ಹಾಕಿದವರೆಲ್ಲ ಸಂಜೆಯೊಳಗೆ ಅರ್ಜಿ ಹಿಂದೆ ತೆಗೆದುಕೊಂಡರೆ ನಿಲ್ಲಿಸಬಹುದು ಎಂದರು. ಹೊಸ ಅರ್ಜಿ ಬರೆದು ಮೊದಲು ಪಕ್ಕದ ಮನೆಗೆ ಹೋದೆ. ನಡೆದದ್ದನ್ನೆಲ್ಲ ಪಕ್ಕದ ಮನೆಯಾಕೆಗೆ ಹೇಳಿದೆ. ಅವಳ ಬಚ್ಚಲಿನಿಂದ ಫಿನಾಯಿಲ್ ವಾಸನೆ ಬರುತ್ತಿತ್ತು.

"ಅವಾ ನಿಮಗ ಬುಟ್ಟಿ ತುಂಬ ಲಿಂಬಿಹಣ್ಣ ತಂದು ಕೊಟ್ಟಿದ್ದು ನಾ ನೋಡೇನ್ರಿ," ಎಂದಳು. "ಇನ್ನ ಏನೇನ್ ಕೊಟ್ಟಾನ್ರಿ?"

ತಿಪ್ಪೆಗೆ ಎಸೆದೆ ಎಂದು ಹೇಳಲು ಬಾಯಿ ತೆರೆದೆ. ನಂಬುವಳೇ? ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಉಳಿದ ಮನೆಗಳಿಗೆ ನಾನು ಹೋಗುವ ಮೊದಲೇ ಲಿಂಬೆಹಣ್ಣಿನ ಸುದ್ದಿ ಹೋಗಿತ್ತು. ಸಂಜೆ ನನ್ನದೊಂದೇ ಸಹಿಯ ಅರ್ಜಿ ಕೊಟ್ಟು ಬಂದೆ. ಮರುದಿನ ಘಟಕದ ಗೇಟಿನ ಬೀಗ ತೆಗೆದವನು ಬೇರೆಯವನು.